ದೇವರು ಬಂದ ಮೇಲೆ ಅರಸೊತ್ತಿಗೆಗಳು ಎಲ್ಲಿ ಹೋದವು? ‘ಫೈನಲ್ ಫ್ಯಾಂಟಸಿ 16’ರ ರಾಜಕೀಯ ಕಥನ: ಒಂದು ಪ್ರಕರಣ ಅಧ್ಯಯನ

2023ರ ಜೂನ್ 22ರಂದು ಪ್ಲೇಸ್ಟೇಷನ್ 5ಕ್ಕೆ ಬಂದ ‘ಫೈನಲ್ ಫ್ಯಾಂಟಸಿ 16’ ಎಂಬ ವಿಡಿಯೊ ಗೇಮ್, ಬಿಡುಗಡೆಗೆ ಬಹಳ ಮುಂಚೆಯೇ ತನ್ನನ್ನು ರಾಜಕೀಯ ಕಥೆಯೆಂದು ಪರಿಚಯಿಸಿಕೊಂಡಿತ್ತು. ಪ್ರಚಾರದ ತುಣುಕುಗಳಲ್ಲಿ ರಾಜ್ಯಗಳ ಹೆಸರು, ಲಾಂಛನ, ಗಡಿ ಮತ್ತು ಒಪ್ಪಂದಗಳ ಮಾತೇ ಮುಂದಿತ್ತು. ಸಂಖ್ಯೆ ಹೊತ್ತ ಮುಖ್ಯ ಸರಣಿಯಲ್ಲಿ ಅಮೆರಿಕದ ವಯೋಮಿತಿ ಮಂಡಳಿಯಿಂದ ‘ಎಂ’ ದರ್ಜೆ, ಅಂದರೆ ಹದಿನೇಳು ದಾಟಿದವರಿಗೆ ಮಾತ್ರ ಎಂಬ ಮುದ್ರೆ, ಪಡೆದ ಮೊದಲ ಆಟವೂ ಇದೇ ಆಗಿತ್ತು. ಸಿಂಹಾಸನಕ್ಕಾಗಿ ಮನೆತನಗಳು ಕಾದಾಡುವ ಪ್ರಸಿದ್ಧ ಅಮೆರಿಕನ್ ಟಿವಿ ಧಾರಾವಾಹಿಯೊಂದನ್ನು ತಂಡದ ಪ್ರಮುಖರೆಲ್ಲ ನೋಡಲೇಬೇಕೆಂದು ತಾವು ಕೇಳಿಕೊಂಡಿದ್ದಾಗಿ ನಿರ್ಮಾಪಕ ನವೊಕಿ ಯೊಶಿದಾ ಸಂದರ್ಶನಗಳಲ್ಲಿ ಹೇಳಿದ್ದರು. ಹಾಗಾಗಿ ಆಟಗಾರನು ರಾಜಕೀಯವನ್ನು ನಿರೀಕ್ಷಿಸಿದ್ದರೆ ಅದು ಅವನ ಅತಿಯಾಸೆಯೇನೂ ಆಗಿರಲಿಲ್ಲ. ಆ ಆಸೆಯನ್ನು ಹುಟ್ಟಿಸಿದ್ದು ಆಟವೇ. ಆಸೆ ಎಲ್ಲಿಯವರೆಗೆ ಈಡೇರಿತು, ಯಾವ ಹಂತದಲ್ಲಿ ಕೈತಪ್ಪಿತು ಮತ್ತು ಅದಕ್ಕೆ ಕಾರಣವಾದ ಕಥನದ ತೀರ್ಮಾನಗಳು ಯಾವುವು ಎಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ. ಆಟದ ಕಾದಾಟ, ಸಂಗೀತ ಮತ್ತು ದೃಶ್ಯವೈಭವದ ಬಗ್ಗೆ ಇಲ್ಲಿ ಚರ್ಚೆಯಿಲ್ಲ. ಅವುಗಳ ಬಗ್ಗೆ ನನಗೆ ದೂರುಗಳೂ ಇಲ್ಲ. ಅಂತ್ಯದವರೆಗಿನ ಕಥೆ ಇಲ್ಲಿ ಬಯಲಾಗುತ್ತದೆ.

ಮೊದಲು ಕಥೆಯ ನೆಲೆಗಟ್ಟು. ವಾಲಿಸ್ಥಿಯಾ ಎಂಬ ಲೋಕದಲ್ಲಿ ಸ್ಟಾರ್ಮ್ ಮತ್ತು ಆ್ಯಶ್ ಎಂಬ ಎರಡು ಖಂಡಗಳು. ಬೆಟ್ಟದಷ್ಟು ದೊಡ್ಡದಾದ ಮದರ್‌ಕ್ರಿಸ್ಟಲ್‌ಗಳಿಂದ ಅಗೆದು ತೆಗೆದ ಚೂರುಗಳೇ ಅಲ್ಲಿನ ದಿನಬಳಕೆಯ ಇಂಧನ. ಒಲೆ ಹೊತ್ತಿಸುವುದು, ನೀರು ತರಿಸುವುದು, ಹಡಗಿನ ಪಟಕ್ಕೆ ಗಾಳಿ ಕೂಡಿಸುವುದು ಎಲ್ಲವೂ ಆ ಚೂರುಗಳಿಂದಲೇ. ಇನ್ನೊಂದೆಡೆ ‘ಬ್ಲೈಟ್’ ಎಂಬ ಬರಡುತನ ಊರಿಂದ ಊರಿಗೆ ಹರಡುತ್ತಿದೆ. ಅದು ಮುಟ್ಟಿದ ನೆಲದಲ್ಲಿ ಹುಲ್ಲೂ ಹುಟ್ಟದು, ಮಾಯಾಶಕ್ತಿಯೂ ನಡೆಯದು. ಬದುಕಲು ಯೋಗ್ಯವಾದ ನೆಲ ಕಿರಿದಾಗುತ್ತಾ ಬಂದಂತೆ ರಾಜ್ಯಗಳು ಒಂದರ ಮೇಲೊಂದು ಏರಿಹೋಗುತ್ತವೆ. ಯುದ್ಧಕ್ಕೆ ಇಷ್ಟು ಗಟ್ಟಿಯಾದ ಆರ್ಥಿಕ ಕಾರಣವನ್ನು ಒದಗಿಸುವ ಫ್ಯಾಂಟಸಿ ಆಟಗಳು ವಿರಳ.

ಇದಕ್ಕಿಂತಲೂ ಸೂಕ್ಷ್ಮವಾಗಿ ಹೆಣೆಯಲಾದದ್ದು ‘ಡಾಮಿನಂಟ್’ಗಳ ಸ್ಥಾನಮಾನ. ‘ಐಕಾನ್’ ಎನ್ನಲಾಗುವ ದೈತ್ಯಶಕ್ತಿಯನ್ನು ಮೈಯೊಳಗೆ ಹೊತ್ತ ಇವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಬ್ಬರಿದ್ದರೆ ಒಂದು ಸೈನ್ಯವೇ ಇದ್ದಂತೆ. ಅಂಥ ವ್ಯಕ್ತಿಯನ್ನು ಪ್ರತಿ ರಾಜ್ಯವೂ ತನ್ನದೇ ರೀತಿಯಲ್ಲಿ ನಡೆಸಿಕೊಳ್ಳುತ್ತದೆ. ರೊಸಾರಿಯಾ ಎಂಬ ಸಂಸ್ಥಾನದಲ್ಲಿ ಫೀನಿಕ್ಸ್ ಶಕ್ತಿ ಹೊತ್ತವನೇ ಪಟ್ಟಕ್ಕೆ ಹಕ್ಕುದಾರ. ಸ್ಯಾನ್‌ಬ್ರೆಕ್ ಸಾಮ್ರಾಜ್ಯದಲ್ಲಿ ಡಾಮಿನಂಟ್ ಜನರ ಕಣ್ಮಣಿಯಾದ ಯುವರಾಜ, ಆದರೆ ಆಳುವವನು ಚಕ್ರವರ್ತಿ. ಡಾಲ್ಮೇಕಿಯಾ ಗಣರಾಜ್ಯದಲ್ಲಿ ಹ್ಯೂಗೊ ಕುಪ್ಕಾ ಎಂಬಾತ ಹೆಸರಿಗೆ ಸಲಹೆಗಾರನಾಗಿದ್ದುಕೊಂಡು ಇಡೀ ಮಂತ್ರಾಲೋಚನ ಸಭೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಾನೆ. ಐರನ್ ಕಿಂಗ್‌ಡಮ್ಮಿನ ಮತಾಂಧ ಪುರೋಹಿತರ ಕಣ್ಣಿಗೆ ಡಾಮಿನಂಟ್ ಅಂದರೆ ಅಪವಿತ್ರ ಜೀವಿ. ಒತ್ತೆಯಾಳುಗಳ ಕುತ್ತಿಗೆಗೆ ಕತ್ತಿ ಹಿಡಿದು ಜಿಲ್ ಎಂಬ ಹೆಣ್ಣುಮಗಳನ್ನು ಅವರು ಯುದ್ಧಾಯುಧವಾಗಿ ಬಳಸುತ್ತಾರೆ. ಒಂದೇ ಬಗೆಯ ಶಕ್ತಿ ಒಂದೆಡೆ ಕಿರೀಟ, ಮತ್ತೊಂದೆಡೆ ಅಧಿಕಾರದ ದಲ್ಲಾಳಿತನ, ಮಗದೊಂದೆಡೆ ಸಂಕೋಲೆ ಆಗುವುದನ್ನು ತೋರಿಸಲು ಹೊರಟ ಬರಹಗಾರನಿಗೆ ರಾಜಕೀಯ ತಿಳಿದಿಲ್ಲವೆಂದು ಯಾರೂ ಹೇಳಲಾರರು.

ಇನ್ನು ‘ಬೇರರ್’ಗಳು. ಸ್ಫಟಿಕದ ನೆರವಿಲ್ಲದೆಯೇ ಅಲ್ಪಸ್ವಲ್ಪ ಮಾಯಾಶಕ್ತಿ ಪ್ರಯೋಗಿಸಬಲ್ಲ ಸಾಮಾನ್ಯ ಜನ ಇವರು. ಈ ಗುಣ ಪತ್ತೆಯಾದ ಮಗುವನ್ನು ಹೆತ್ತವರಿಂದ ಬೇರ್ಪಡಿಸಿ, ಕೆನ್ನೆಯ ಮೇಲೆ ಅಚ್ಚೆ ಒತ್ತಿ, ಜೀವನಪರ್ಯಂತ ಜೀತಕ್ಕೆ ಇಡಲಾಗುತ್ತದೆ. ಅಚ್ಚೆಯ ಶಾಯಿಯಲ್ಲಿ ವಿಷವಿರುವುದರಿಂದ ಅದನ್ನು ಕೆತ್ತಿ ತೆಗೆಯಹೊರಟವರು ಸಾಯುವುದೇ ಹೆಚ್ಚು. ಪ್ರತಿ ಸಲ ಶಕ್ತಿ ಬಳಸಿದಾಗಲೂ ಅವರ ಮೈ ತುಸುತುಸುವೇ ಕಲ್ಲಾಗುತ್ತಾ ಹೋಗುತ್ತದೆ. ಹುಟ್ಟಿನಿಂದಲೇ ಹಣೆಬರಹ ನಿರ್ಧಾರವಾಗುವ ವ್ಯವಸ್ಥೆಯೆಂದ ಕೂಡಲೇ ನಮ್ಮ ಓದುಗರಿಗೆ ಜಾತಿ ನೆನಪಾಗುವುದು ಸಹಜ. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಬೇರರ್‌ತನ ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ. ಅದು ಯಾವ ಮನೆಯಲ್ಲಾದರೂ, ಯಾವ ತೊಟ್ಟಿಲಿನಲ್ಲಾದರೂ ಕಾಣಿಸಿಕೊಳ್ಳಬಹುದು. ಎಂದರೆ ವಾಲಿಸ್ಥಿಯಾದ ಬೀದಿಬೀದಿಯಲ್ಲೂ ಮಗುವನ್ನು ಒಪ್ಪಿಸಿಬಂದ ತಾಯಿಯೊಬ್ಬಳು ಇರಲೇಬೇಕು. ಅಂಥ ತಾಯಂದಿರು ಏನನ್ನುತ್ತಾರೆ, ಮಗುವನ್ನು ಬಚ್ಚಿಟ್ಟವರಿಗೆ ಯಾವ ಶಿಕ್ಷೆ, ಸಿರಿವಂತರು ಲಂಚ ಕೊಟ್ಟು ತಮ್ಮ ಕೂಸನ್ನು ಉಳಿಸಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗಳೇ ಒಂದು ಇಡೀ ಆಟಕ್ಕೆ ಸಾಲುವಷ್ಟಿವೆ. ಅವು ಇಲ್ಲಿ ಅಂಚಿನಲ್ಲಷ್ಟೇ ಸುಳಿದು ಮರೆಯಾಗುತ್ತವೆ. ನನ್ನ ಅಸಮಾಧಾನ ಮೊಳೆತದ್ದು ಇಲ್ಲಿಯೇ.

ಆದರೂ ಮೊದಲ ಮೂರನೇ ಒಂದು ಭಾಗವನ್ನು ಮೆಚ್ಚದೆ ಇರಲಾಗದು. ರೊಸಾರಿಯಾದ ಹಿರಿಯ ಮಗ ಕ್ಲೈವ್, ಫೀನಿಕ್ಸ್ ಶಕ್ತಿ ತನಗೆ ಒಲಿಯದೆ ತಮ್ಮ ಜೋಶುವಾನಿಗೆ ಒಲಿದ ಕಾರಣ ಅವನ ಅಂಗರಕ್ಷಕನಾಗಿ ಬೆಳೆದವನು. ತಾಯಿ ಅನಾಬೆಲ್ಲಾಳ ದ್ರೋಹದಿಂದ ಒಂದೇ ರಾತ್ರಿಯಲ್ಲಿ ತಂದೆಯನ್ನೂ ಮನೆಯನ್ನೂ ಕಳೆದುಕೊಂಡು, ಕೆನ್ನೆಗೆ ಅಚ್ಚೆ ಹಾಕಿಸಿಕೊಂಡು, ಸ್ಯಾನ್‌ಬ್ರೆಕ್ಕಿನ ಹಂತಕ ದಳದಲ್ಲಿ ಹದಿಮೂರು ವರ್ಷ ದುಡಿಯುತ್ತಾನೆ. ಅರಸುಮಗನೊಬ್ಬ ತಾನು ಎಳವೆಯಲ್ಲಿ ನೋಡಿಯೂ ನೋಡದಂತಿದ್ದ ಜೀತವನ್ನು ಈಗ ತನ್ನ ಮೈಮೇಲೇ ಹೊರುತ್ತಾನೆ. ಅವನ ತಂದೆ ಎಲ್ವಿನ್ ಬೇರರ್‌ಗಳ ವಿಷಯದಲ್ಲಿ ಮೃದು ಮನಸ್ಸಿನವನು; ಆದರೆ ಅವನ ಅರಮನೆಯಲ್ಲೂ ಬೇರರ್‌ಗಳು ಜೀತದಾಳುಗಳೇ. ಒಳ್ಳೆಯ ಧಣಿಯ ಒಳ್ಳೆಯತನಕ್ಕೆ ಇರುವ ಮಿತಿಯನ್ನು ಆಟ ಭಾಷಣವಿಲ್ಲದೆ ಕಾಣಿಸುತ್ತದೆ. ಬಳಿಕ ಸಿಡ್ ಎಂಬ ದಂಗೆಕೋರನ ಅಡಗುತಾಣ ಸೇರಿದ ಕ್ಲೈವ್, ತನ್ನ ಹಳೆಯ ನಾಡಿನ ಈಸ್ಟ್‌ಪೂಲ್ ಎಂಬ ಹಳ್ಳಿ ಹಾಯ್ದು ಹೋಗುತ್ತಾನೆ. ಮರಳಿ ಬರುವ ಹೊತ್ತಿಗೆ, ಬೇರರ್‌ಗಳಿಗೆ ಆಶ್ರಯ ಕೊಟ್ಟ ತಪ್ಪಿಗೆ, ಅನಾಬೆಲ್ಲಾಳ ಆಳ್ವಿಕೆಯ ಸೈನಿಕರು ಊರಿಗೆ ಊರನ್ನೇ ಕೊಂದು ಹಾಕಿರುತ್ತಾರೆ. ಆಳುವವರ ಒಂದು ಆಜ್ಞೆ ಕೆಳಗಿಳಿದು ಬರುತ್ತಾ ಹೇಗೆ ಹೆಣಗಳ ಸಾಲಾಗುತ್ತದೆ ಎಂಬುದು ಮುಖ್ಯ ಕಥೆಯಲ್ಲಿ ಇಷ್ಟು ನಿಚ್ಚಳವಾಗಿ ಕಾಣುವುದು ಇದೊಂದೇ ಕಡೆ ಎಂದರೂ ನಡೆದೀತು.

ನಂತರ ಸಿಡ್ ತನ್ನ ಯೋಜನೆಯನ್ನು ಮುಂದಿಡುತ್ತಾನೆ. ನೆಲದ ಸತ್ವವನ್ನು ಹೀರಿ ಬ್ಲೈಟ್ ಹರಡುತ್ತಿರುವುದು ಮದರ್‌ಕ್ರಿಸ್ಟಲ್‌ಗಳೇ. ಆದ್ದರಿಂದ ಅವನ್ನು ಒಂದೊಂದಾಗಿ ಒಡೆಯಬೇಕು. ಇದು ಎಂಥ ತೀರ್ಮಾನವೆಂದು ಒಂದು ಕ್ಷಣ ನಿಂತು ಯೋಚಿಸಬೇಕು. ಒಂದು ನಾಡಿನ ಇಡೀ ಇಂಧನ ಮೂಲವನ್ನು, ಅಲ್ಲಿನ ಒಬ್ಬನನ್ನೂ ಕೇಳದೆ, ಇಪ್ಪತ್ತು ಮೂವತ್ತು ಜನರ ಗುಂಪೊಂದು ನಾಶ ಮಾಡಲು ಹೊರಟಿದೆ. ಸರಿಯೋ ತಪ್ಪೋ, ಇದಕ್ಕಿಂತ ಗಂಭೀರವಾದ ರಾಜಕೀಯ ಕೃತ್ಯ ಆ ಲೋಕದಲ್ಲಿ ಇನ್ನೊಂದಿಲ್ಲ. ಸ್ಯಾನ್‌ಬ್ರೆಕ್ಕಿನ ರಾಜಧಾನಿ ಒರಿಫ್ಲಾಮ್‌ನಲ್ಲಿ ಮೊದಲ ಸ್ಫಟಿಕ ಒಡೆಯುತ್ತದೆ, ಸಿಡ್ ಅಲ್ಲಿಯೇ ಸಾಯುತ್ತಾನೆ, ಅದೇ ಗಳಿಗೆಯಲ್ಲಿ ಅಲ್ಟಿಮಾ ಎಂಬ ದೈವಶಕ್ತಿ ಮೊದಲ ಬಾರಿಗೆ ಬಹಿರಂಗವಾಗಿ ಕಾಣಿಸಿಕೊಳ್ಳುತ್ತದೆ.

ಪರದೆ ಮತ್ತೆ ಮೇಲೇಳುವಾಗ ಐದು ವರ್ಷ ಕಳೆದಿದೆ.

ಈ ಐದು ವರ್ಷಗಳ ಜಿಗಿತವೇ ಪ್ರಕರಣದ ನಡುಗಂಟು ಎಂಬುದು ನನ್ನ ವಾದ. ಆ ಅವಧಿಯಲ್ಲಿ ಏನೇನು ನಡೆಯಿತೆಂದು ಪಟ್ಟಿ ಹಾಕಿದರೆ ಬೆರಗಾಗುತ್ತದೆ. ಕ್ಲೈವ್ ಸಿಡ್‌ನ ಹೆಸರನ್ನು ತಾನು ಹೊತ್ತು ಚಳವಳಿಯ ನಾಯಕನಾದದ್ದು. ನಾಶವಾದ ಹಳೆಯ ನೆಲೆಯಿಂದ ಬದುಕುಳಿದವರನ್ನು ಕೂಡಿಸಿ, ಸರೋವರದ ನಡುವಿನ ಪ್ರಾಚೀನ ಅವಶೇಷವೊಂದರಲ್ಲಿ ಹೊಸ ನೆಲೆ ಕಟ್ಟಿದ್ದು. ಊರೂರಿನಲ್ಲಿ ಗುಟ್ಟಾಗಿ ಬೆಂಬಲಿಗರನ್ನು ಸಂಪಾದಿಸಿದ್ದು. ಬೇರರ್‌ಗಳನ್ನು ಬಿಡಿಸಿ ತರುವ ದಳಕ್ಕೆ, ಸ್ವತಃ ಅಚ್ಚೆ ಹೊತ್ತ ಡೋರಿಸ್ ಎಂಬಾಕೆಯ ನೇತೃತ್ವದಲ್ಲಿ, ಒಂದು ಶಿಸ್ತು ಬಂದದ್ದು. ಇಂಧನ ಕಳೆದುಕೊಂಡ ಸಾಮ್ರಾಜ್ಯ ತಟಸ್ಥ ನಾಡಾಗಿದ್ದ ಕ್ರಿಸ್ಟಲೈನ್ ಡೊಮಿನಿಯನ್ನನ್ನು ಕಬಳಿಸಿ ರಾಜಧಾನಿಯನ್ನೇ ಸ್ಥಳಾಂತರಿಸಿದ್ದು. ಚಳವಳಿಯೊಂದು ಗುಂಪಿನಿಂದ ಸಂಘಟನೆಯಾಗಿ ಬೆಳೆಯುವ ಕಾಲ ಇದು. ಊಟಕ್ಕೆ ಎಲ್ಲಿಂದ ತರುವುದು, ಯಾರನ್ನು ನಂಬುವುದು, ಒಬ್ಬನನ್ನು ಬಿಡಿಸಲು ಹೋಗಿ ಮೂವರನ್ನು ಕಳೆದುಕೊಂಡರೆ ಲೆಕ್ಕ ಹೇಗೆ ಹಾಕುವುದು ಎಂಬ ಜಗಳಗಳೆಲ್ಲ ನಡೆಯುವುದು ಇಂಥ ವರ್ಷಗಳಲ್ಲಿಯೇ. ಆಟಗಾರನ ಕೈಗೆ ಸಿಗುವುದು ಮಾತ್ರ ಕಟ್ಟಿ ಮುಗಿದ ಮನೆ. ಅಡುಗೆಮನೆ, ಕಮ್ಮಾರಸಾಲೆ, ಪುಸ್ತಕದ ಅಟ್ಟ ಎಲ್ಲ ಸಿದ್ಧವಾಗಿ, ನಾಯಕನ ಮಾತಿಗೆ ಎದುರಾಡುವವರು ಒಬ್ಬರೂ ಉಳಿಯದ ಒಗ್ಗಟ್ಟಿನ ಸಂಸಾರವಾಗಿ ಅದು ಎದುರಾಗುತ್ತದೆ.

ಎದುರಾಡುವವರಿಲ್ಲ ಎಂಬುದು ಸಣ್ಣ ದೋಷವಲ್ಲ. ಸ್ಫಟಿಕಗಳನ್ನು ಒಡೆದರೆ ಮೊದಲ ಪೆಟ್ಟು ಬೀಳುವುದು ಬೇರರ್‌ಗಳ ಬೆನ್ನಿಗೇ ಎಂಬುದು ಆಟಕ್ಕೆ ಗೊತ್ತಿದೆ. ಚೂರುಗಳು ದುಬಾರಿಯಾದಂತೆ ಧಣಿಗಳು ಅದೇ ಕೆಲಸವನ್ನು ಬೇರರ್‌ಗಳಿಂದ ಹಿಂಡಿ ತೆಗೆಯುತ್ತಾರೆ, ಅವರು ಇನ್ನೂ ಬೇಗ ಕಲ್ಲಾಗುತ್ತಾರೆ. ಹೀಗಿರುವಾಗ ‘ನಮ್ಮನ್ನು ಉಳಿಸಲೆಂದು ನೀವು ಮಾಡುತ್ತಿರುವುದು ನಮ್ಮನ್ನೇ ಕೊಲ್ಲುತ್ತಿದೆ’ ಎಂದು ಆ ಅಡಗುತಾಣದ ಒಬ್ಬ ಬೇರರ್ ಆದರೂ ಮುಖ್ಯ ಕಥೆಯಲ್ಲಿ ಕ್ಲೈವ್‌ನ ಮುಂದೆ ನಿಂತು ಕೇಳಬೇಕಿತ್ತು. ಕೇಳಿದ್ದರೆ ಅವನು ಏನು ಉತ್ತರ ಕೊಡುತ್ತಿದ್ದನೋ, ಅದೇ ಈ ಆಟದ ರಾಜಕೀಯವಾಗುತ್ತಿತ್ತು.

ಅಡಗುತಾಣದಲ್ಲಿರುವ ವಿವಿಯನ್ ಎಂಬ ಪಾತ್ರದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು, ಏಕೆಂದರೆ ಆಟದ ಆಸೆಯೂ ಸೋಲೂ ಅವಳ ಮೇಜಿನ ಮೇಲೆಯೇ ಇವೆ. ಕಾಯಿಗಳನ್ನು ಜೋಡಿಸಿಟ್ಟ ದೊಡ್ಡದೊಂದು ಭೂಪಟದ ಮುಂದೆ ಅವಳು ನಿಂತಿರುತ್ತಾಳೆ. ಕಥೆಯ ಪ್ರತಿ ಘಟ್ಟದಲ್ಲೂ ಅವಳ ಬಳಿ ಹೋದರೆ ಯಾವ ಸೈನ್ಯ ಎಲ್ಲಿಂದ ಎಲ್ಲಿಗೆ ಸರಿಯಿತು, ಯಾವ ಕೋಟೆ ಬಿತ್ತು, ಯಾರು ಯಾರೊಡನೆ ಸೇರಿದರು ಎಂಬುದನ್ನು ಬಾಣದ ಗುರುತುಗಳೊಂದಿಗೆ ಬಿಡಿಸಿ ಹೇಳುತ್ತಾಳೆ. ವ್ಯಕ್ತಿಗಳ ನಡುವಿನ ಸಂಬಂಧಗಳ ಜಾಲವನ್ನೂ ಕಾಲಾನುಕ್ರಮದಲ್ಲಿ ನೋಡಬಹುದು. ಇಷ್ಟು ಜಾಣತನದ ಸಾಧನವನ್ನು ಬೇರಾವ ಆರ್‌ಪಿಜಿಯಲ್ಲೂ, ಅಂದರೆ ಪಾತ್ರವಾಗಿ ಆಡುವ ಕಥಾಪ್ರಧಾನ ಆಟದಲ್ಲೂ, ನಾನು ಕಂಡಿಲ್ಲ. ಆದರೆ ಆ ಭೂಪಟ ನೋಡುವುದಕ್ಕಷ್ಟೇ ಇರುವುದು. ಅದರ ಮೇಲೆ ಸರಿಯುವ ಸೈನ್ಯಗಳಿಗೂ ಕ್ಲೈವ್‌ನ ಮುಂದಿನ ಹೆಜ್ಜೆಗೂ ಬರಬರುತ್ತಾ ಸಂಬಂಧವೇ ಉಳಿಯುವುದಿಲ್ಲ. ಅರ್ಧ ಆಟದ ಬಳಿಕ ಅವಳು ವಿವರಿಸುವ ಯುದ್ಧಗಳು ನಮ್ಮ ಕಣ್ಣಿಗೆ ಬೀಳದೆಯೇ ಶುರುವಾಗಿ, ಕಣ್ಣಿಗೆ ಬೀಳದೆಯೇ ಮುಗಿಯುತ್ತವೆ.

ಈಗ ದಬ್ಬಾಳಿಕೆ ನಡೆಸಿದವರ ಗತಿ ಏನಾಯಿತೆಂದು ನೋಡೋಣ. ಕುಪ್ಕಾ ಗಣರಾಜ್ಯವೊಂದನ್ನು ಒಳಗಿನಿಂದ ಟೊಳ್ಳು ಮಾಡಿದವನು. ಆದರೆ ಕ್ಲೈವ್‌ನೊಂದಿಗೆ ಅವನಿಗಿರುವ ಹಗೆ ಪ್ರೇಯಸಿ ಬೆನೆಡಿಕ್ಟಾಳ ಸಾವಿನ ಸೇಡು ಮಾತ್ರ. ಅವನು ಸತ್ತಾಗ ಸಾಯುವುದು ಒಬ್ಬ ಹುಚ್ಚು ಪ್ರೇಮಿ, ಅವನ ಕೈಗೊಂಬೆಯಾಗಿದ್ದ ಸಭೆಯ ಕಥೆಯನ್ನು ಯಾರೂ ವಿಚಾರಿಸುವುದಿಲ್ಲ. ಚಕ್ರವರ್ತಿ ಸಿಲ್ವೆಸ್ಟರ್ ಪಟ್ಟವನ್ನು ಎಳೆಯ ಮಗ ಒಲಿವಿಯೆಗೆ ಬಿಟ್ಟುಕೊಡುತ್ತಾನೆ; ಆದರೆ ಆ ಬಾಲಕ ಅಲ್ಟಿಮಾನ ಕೈಯೊಳಗಿನ ಗೊಂಬೆ. ಅನಾಬೆಲ್ಲಾ ರಕ್ತಶುದ್ಧಿಯ ಭ್ರಮೆಯಲ್ಲಿ ಎರಡು ನಾಡುಗಳನ್ನು ಹಾಳುಮಾಡಿದವಳು. ಮಕ್ಕಳ ಎದುರು ಬಂದಾಗ ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡು ಉತ್ತರ ಕೊಡುವ ಹೊಣೆಯಿಂದ ನುಣುಚಿಕೊಳ್ಳುತ್ತಾಳೆ. ಆ್ಯಶ್ ಖಂಡದ ವಾಲೂಡ್ ರಾಜ್ಯದ ದೊರೆ ಬಾರ್ನಬಸ್ ತನ್ನ ಪ್ರಜೆಗಳನ್ನೆಲ್ಲ ಬುದ್ಧಿಯಿಲ್ಲದ ಜೊಂಬಿಗಳಂತಾಗಲು ಬಿಟ್ಟು ಅಲ್ಟಿಮಾನ ಭಕ್ತನಾಗಿ ನಿಂತವನು. ಹೀಗೆ ಒಬ್ಬೊಬ್ಬರಾಗಿ ನೋಡುತ್ತಾ ಬಂದರೆ ಅರಸರ ಪಾಪವೆಲ್ಲ ಒಂದೋ ಖಾಸಗಿ ಉನ್ಮಾದ, ಇಲ್ಲವೇ ದೈವದ ಸಂಚು ಎಂದಾಗುತ್ತದೆ. ಬೇರರ್‌ಗಳನ್ನು ಕೊಂಡವರು, ಮಾರಿದವರು, ತೆರಿಗೆ ಹಾಕಿದವರು, ಅಚ್ಚೆ ಒತ್ತಿ ಸಂಬಳ ಎಣಿಸಿಕೊಂಡವರು ಯಾರೂ ವಿಚಾರಣೆಯ ಕಟಕಟೆಗೆ ಬರುವುದೇ ಇಲ್ಲ.

ಆ್ಯಶ್ ಖಂಡದ ವಿಷಯದಲ್ಲಂತೂ ಸೋಲು ಬರಿಗಣ್ಣಿಗೇ ಕಾಣುತ್ತದೆ. ಆರಂಭದಿಂದಲೂ ಭೂಪಟದ ಅರ್ಧಭಾಗವನ್ನು ಆವರಿಸಿ, ಅಲ್ಲಿನ ಜನಜೀವನದ ಬಗ್ಗೆ ಕುತೂಹಲ ಮೂಡಿಸಿದ್ದ ಆ ಖಂಡಕ್ಕೆ ಕೊನೆಗೂ ಕಾಲಿಟ್ಟಾಗ ನಮ್ಮನ್ನು ಎದುರುಗೊಳ್ಳುವುದು ಬರಿದಾದ ಊರುಗಳು. ಮನುಷ್ಯರಾಗಿ ಉಳಿದವರು ಕೈಬೆರಳಿನಲ್ಲಿ ಎಣಿಸುವಷ್ಟು. ಒಂದು ರಾಜ್ಯದ ಸಮಾಜವನ್ನು ಬರೆಯುವ ಶ್ರಮವನ್ನೇ ಕಥೆ ಉಳಿಸಿಕೊಂಡಿದೆ.

ಇಷ್ಟಾದ ಮೇಲೆ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಈ ಆಟದಲ್ಲಿ ಒಳ್ಳೆಯ ರಾಜಕೀಯ ಬರಹ ಇಲ್ಲವೆಂದಲ್ಲ. ಅದು ಪಕ್ಕದ ದಾರಿಗಳಲ್ಲಿ, ಅಂದರೆ ಸೈಡ್ ಕ್ವೆಸ್ಟ್‌ಗಳಲ್ಲಿ ಇದೆ. ಅನುಕೂಲಸ್ಥರ ಮನೆಯ ಮಗುವೊಂದು ಕಾಣೆಯಾದ ತನ್ನ ಕ್ಲೋಯಿಯನ್ನು ಹುಡುಕಿಕೊಡಿ ಎಂದು ಕ್ಲೈವ್‌ನನ್ನು ಕೇಳುತ್ತದೆ. ಅದು ಮಾತಾಡುವ ರೀತಿಯಿಂದ ಕ್ಲೋಯಿ ಸಾಕುನಾಯಿ ಇರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಸಿಗುವುದು ಬೇರರ್ ಹೆಣ್ಣೊಬ್ಬಳ ಹೆಣ. ಸುದ್ದಿ ತಿಳಿದ ಮಗುವಿಗೆ ದುಃಖವೇನೂ ಇಲ್ಲ, ಅಪ್ಪನಿಗೆ ಹೇಳಿ ಇನ್ನೊಂದನ್ನು ತರಿಸಿಕೊಂಡರಾಯಿತು. ಮಗುವಿನಲ್ಲಿ ಕ್ರೌರ್ಯವಿಲ್ಲ, ಅದು ಬೆಳೆದ ಮನೆಯ ಭಾಷೆಯನ್ನಷ್ಟೇ ಆಡುತ್ತಿದೆ. ಕ್ಲೈವ್‌ಗೆ ಸಿಟ್ಟು ಬಂದರೂ ಅದನ್ನು ಇಳಿಸಲು ಅಲ್ಲಿ ಶತ್ರುವೇ ಇಲ್ಲ. ಹಾಗೆಯೇ ಡಾಲ್ಮೇಕಿಯಾದ ಡಾಲಿಮಿಲ್ ಊರಿನಲ್ಲಿ ತಾನೂ ಬೇರರ್ ಎಂಬುದನ್ನು ಬಚ್ಚಿಟ್ಟು, ಊರವರ ಗೌರವ ಗಳಿಸಿ ಬಾಳುತ್ತಿರುವ ಕಮ್ಮಾರ ಲುಬೋರ್‌ನ ಕಥೆಯಲ್ಲಿ, ಗುಟ್ಟು ಬಯಲಾದರೆ ನಿನ್ನೆಯ ನೆರೆಯವರು ನಾಳೆ ಏನಾಗುತ್ತಾರೆಂಬ ಭಯ ನಿಜವಾದದ್ದು. ವ್ಯವಸ್ಥೆ ಬದಲಾಗುವುದು ಇಂಥ ಊರುಗಳ ಕಟ್ಟೆಯ ಮೇಲೆ ಎಂಬ ತಿಳಿವಳಿಕೆ ಈ ಬರಹಗಾರರಿಗೆ ಇತ್ತು. ಆದರೆ ಅವನ್ನು ಹಸಿರು ಗುರುತಿನ ಐಚ್ಛಿಕ ಕೆಲಸಗಳಾಗಿ, ಹಲವನ್ನು ಅಂತಿಮ ಯುದ್ಧದ ಹೊಸ್ತಿಲಲ್ಲಿ ರಾಶಿಯಾಗಿ ಸುರಿದದ್ದರಿಂದ, ಆಕಾಶ ಕಪ್ಪಾಗಿ ಲೋಕವೇ ಮುಳುಗುತ್ತಿದೆ ಎನ್ನುವಾಗ ನಾವು ಊರಿನ ಪಂಚಾಯಿತಿ ಬಗೆಹರಿಸುತ್ತಾ ಕೂರಬೇಕಾಗುತ್ತದೆ. ಅವನ್ನು ಬಿಟ್ಟು ಹೋದವನಿಗೆ ಮುಖ್ಯ ಕಥೆಯಲ್ಲಿ ಏನೂ ಕೊರತೆ ಕಾಣದು, ಸಮಸ್ಯೆ ಅದೇ.

ಮುಖ್ಯ ಕಥೆ ಕೊಡುವ ಪರಿಹಾರ ಹೀಗಿದೆ: ಮನುಷ್ಯರನ್ನು ತನ್ನ ಪಾತ್ರೆಗಳಾಗಿ ಸೃಷ್ಟಿಸಿದ ಅಲ್ಟಿಮಾನನ್ನು ಕ್ಲೈವ್ ಕೊಲ್ಲುತ್ತಾನೆ, ಅವನ ಶಕ್ತಿಯನ್ನೇ ಬಳಸಿ ಸ್ಫಟಿಕದ ಮೂಲವನ್ನು ಇಲ್ಲವಾಗಿಸುತ್ತಾನೆ, ಲೋಕದಿಂದ ಮಾಯಾಶಕ್ತಿ ಅಳಿದುಹೋಗುತ್ತದೆ. ಮಾಯಾಶಕ್ತಿಯೇ ಇಲ್ಲವಾದ ಮೇಲೆ ಬೇರರ್‌ಗಳೂ ಇಲ್ಲ, ಆದ್ದರಿಂದ ಜೀತವೂ ಇಲ್ಲ. ಇದನ್ನು ಸಮರ್ಥಿಸುವವರ ವಾದ ನನಗೆ ತಿಳಿದಿದೆ: ದುಡಿಮೆಯ ಆಧಾರವನ್ನೇ ಕಿತ್ತುಹಾಕಿದರೆ ದಬ್ಬಾಳಿಕೆಯ ಬೇರೇ ಕಡಿದಂತಲ್ಲವೇ ಎಂದು. ಚರಿತ್ರೆ ಈ ವಾದವನ್ನು ಬೆಂಬಲಿಸುವುದಿಲ್ಲ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯ್ದೆ ತಂದಾಗ 2 ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟದ್ದು ಗುಲಾಮರ ಒಡೆಯರಿಗೆ; ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ, ಬದಲಾಗಿ 1838ರವರೆಗೆ ‘ಕಲಿಕೆ’ಯ ಹೆಸರಿನಲ್ಲಿ ಅದೇ ಧಣಿಗಳ ಬಳಿ ದುಡಿತ. ಕಬ್ಬಿನ ತೋಟಗಳಿಗೆ ಆಳು ಬೇಕೇ ಬೇಕಿತ್ತಾದ್ದರಿಂದ 1834ರಿಂದಲೇ ಭಾರತದ ಬಡವರನ್ನು ಕರಾರಿನ ಕೂಲಿಗಳಾಗಿ ಮಾರಿಷಸ್ಸಿಗೆ, ಬಳಿಕ ಗಯಾನಾ ಮೊದಲಾದೆಡೆಗೆ ಹಡಗುಗಳಲ್ಲಿ ಸಾಗಿಸಲಾಯಿತು. ನಮ್ಮಲ್ಲಿಯೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ಮೇಲೆ ನಿಜವಾದ ಕಷ್ಟ ಆರಂಭವಾದದ್ದು ಬಿಡುಗಡೆ ಪತ್ರ ಕೈಗೆ ಬಂದ ಮರುದಿನ: ನೆಲವಿಲ್ಲ, ಸಾಲ ಕೊಡುವವರಿಲ್ಲ, ಹಳೆಯ ಧಣಿಯ ಹೊಲವೇ ಹತ್ತಿರದ ಕೆಲಸ. ವಾಲಿಸ್ಥಿಯಾದಲ್ಲಿ ಸ್ಫಟಿಕವೂ ಇಲ್ಲ, ಮಾಯಾಶಕ್ತಿಯೂ ಇಲ್ಲ, ಆದರೆ ನೀರು ಹೊರಬೇಕು, ಹೊಲ ಉಳಬೇಕು, ಕೆನ್ನೆಯ ಮೇಲಿನ ಅಚ್ಚೆ ಮಾತ್ರ ಹಾಗೇ ಇದೆ. ಆ ಕೆಲಸವನ್ನು ಯಾರ ತಲೆಗೆ ಕಟ್ಟಲಾಗುತ್ತದೆಂದು ಊಹಿಸಲು ಬಹಳ ಕಲ್ಪನಾಶಕ್ತಿ ಬೇಡ. ಆಟ ಈ ಪ್ರಶ್ನೆಯ ಬಳಿ ಬರುವ ಮೊದಲೇ ಪರದೆ ಇಳಿಸಿ, ಎಷ್ಟೋ ಕಾಲದ ನಂತರದ ಒಂದು ನೆಮ್ಮದಿಯ ಮನೆಯನ್ನು ತೋರಿಸುತ್ತದೆ. ಅಲ್ಲಿನ ಮಕ್ಕಳಿಗೆ ಮಾಯಾಶಕ್ತಿ ಎಂಬುದು ಅಜ್ಜಿಕಥೆ. ಬೇರರ್ ಎಂಬ ಪದವಾದರೂ ಅವರಿಗೆ ಗೊತ್ತೋ ಇಲ್ಲವೋ.

ಈ ನಿರಾಸೆಯನ್ನು ಹರಿತಗೊಳಿಸುವ ಸಂಗತಿಯೆಂದರೆ, ಇದೇ ತಂಡ ಇದನ್ನು ಚೆನ್ನಾಗಿ ಮಾಡಬಲ್ಲದೆಂದು ಮೊದಲೇ ತೋರಿಸಿತ್ತು. ಈ ಆಟದ ಕಥೆ ಬರೆದ ಕಜುತೊಯೊ ಮಯೆಹಿರೊ, ಯೊಶಿದಾ ಅವರ ನೇತೃತ್ವದ ಆನ್‌ಲೈನ್ ಆಟ ‘ಫೈನಲ್ ಫ್ಯಾಂಟಸಿ 14’ರ 2015ರ ವಿಸ್ತರಣೆ ‘ಹೆವನ್ಸ್‌ವರ್ಡ್’ನ ಮುಖ್ಯ ಕಥೆಗಾರರೂ ಹೌದು. ಅಲ್ಲಿ ಇಷ್‌ಗಾರ್ಡ್ ಎಂಬ ನಗರರಾಜ್ಯ ಸಾವಿರ ವರ್ಷಗಳಿಂದ ಡ್ರ್ಯಾಗನ್‌ಗಳೊಡನೆ ಕಾದುತ್ತಿದೆ. ಯುದ್ಧಕ್ಕೆ ಮೂಲ ತಮ್ಮದೇ ಪೂರ್ವಜರ ದ್ರೋಹ ಎಂಬ ಸತ್ಯವನ್ನು ಮಠ ಮುಚ್ಚಿಟ್ಟಿದೆ, ಕುಲೀನರ ಹೆಚ್ಚುಗಾರಿಕೆಯೆಲ್ಲ ನಿಂತಿರುವುದು ಆ ಸುಳ್ಳಿನ ಮೇಲೆ. ಧರ್ಮಗುರುವನ್ನು ಸೋಲಿಸಿದ ಮಾತ್ರಕ್ಕೆ ಕಥೆ ಅಲ್ಲಿ ಮುಗಿಯಲಿಲ್ಲ. ಸತ್ಯ ಬಯಲಾದಾಗ ನಂಬಿಕೆ ಕಳೆದುಕೊಂಡ ಸಾಮಾನ್ಯರೇ ಸುಧಾರಣೆಯ ವಿರುದ್ಧ ಒತ್ತೆಯಾಳುಗಳನ್ನು ಹಿಡಿದು ಕೂರುತ್ತಾರೆ, ಶಾಂತಿಸಭೆಯೊಂದು ರಕ್ತಪಾತದಲ್ಲಿ ಕೆಡುತ್ತದೆ, ಬಹಳ ಎಡವಿ ಬಿದ್ದ ಮೇಲೆ ಕುಲೀನರ ಸಭೆ ಮತ್ತು ಜನಸಾಮಾನ್ಯರ ಸಭೆ ಎಂಬ ಎರಡು ಮನೆಗಳ ಆಡಳಿತ ನೆಲೆಗೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಕಥೆಯ ಮುಂದಿನ ಕಂತು ಬಿಡುಗಡೆಯಾಗುವ ಆನ್‌ಲೈನ್ ಆಟಕ್ಕೆ ‘ಗೆದ್ದ ಮರುದಿನ’ವನ್ನು ಬರೆಯಲು ಜಾಗವಿರುತ್ತದೆ. ಒಮ್ಮೆಗೇ ಮುಗಿಯಬೇಕಾದ ಆಟ ಶಿಖರವನ್ನೇರಿ ಅಲ್ಲಿಯೇ ನಿಲ್ಲಬೇಕಾಗುತ್ತದೆ, ಶಿಖರದಲ್ಲಿ ದೈತ್ಯರ ಕಾಳಗವೇ ಇರಬೇಕೆಂದು ಮೊದಲೇ ನಿಗದಿಯಾಗಿದ್ದರಂತೂ ಮಂತ್ರಾಲೋಚನ ಸಭೆಗಳಿಗೆ ಕಾಲವೆಲ್ಲಿ?

ಮಾಧ್ಯಮದ ಕಟ್ಟುಪಾಡು ಒಂದನ್ನೇ ದೂರಿದರೆ ಮಾತ್ರ ಲೆಕ್ಕ ಪೂರ್ತಿಯಾಗದು. 1997ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಕೂಡ ಒಮ್ಮೆಗೇ ಮುಗಿಯುವ ಆಟ. ಯಸುಮಿ ಮತ್ಸುನೊ ನಿರ್ದೇಶನದ ಅದರಲ್ಲೂ ಪಟ್ಟಕ್ಕಾಗಿ ನಡೆವ ಅಂತರ್ಯುದ್ಧದ ಹಿಂದೆ ಪವಿತ್ರ ಶಿಲೆಗಳೊಳಗಿನ ಪಿಶಾಚಿಗಳ ಸಂಚಿದೆ. ಆದರೆ ಅಲ್ಲಿ ಭಾರವನ್ನು ಇಬ್ಬರ ಹೆಗಲಿಗೆ ಹಂಚಲಾಗಿದೆ. ಕುಲೀನನಾದ ರಾಮ್ಜಾ ಪಿಶಾಚಿಗಳ ಬೆನ್ನು ಹತ್ತಿ ಹೋಗಿ, ಚರಿತ್ರೆಯಲ್ಲಿ ಧರ್ಮದ್ರೋಹಿಯೆಂದು ಹೆಸರು ಕೆಡಿಸಿಕೊಂಡು ಕಣ್ಮರೆಯಾಗುತ್ತಾನೆ. ಅವನ ಜೊತೆ ಬೆಳೆದ ಆಳುಮಗ ಡೆಲಿಟಾ, ತಂಗಿಯನ್ನು ಕುಲೀನರು ಕ್ರಿಮಿಯಂತೆ ಬಾಣ ಬಿಟ್ಟು ಕೊಂದದ್ದನ್ನು ಕಣ್ಣಾರೆ ಕಂಡವನು, ಎಲ್ಲ ಪಕ್ಷಗಳನ್ನೂ ಬಳಸಿಕೊಂಡು, ಎಲ್ಲರಿಗೂ ಮೋಸ ಮಾಡಿ, ಕಡೆಗೆ ದೊರೆಯಾಗುತ್ತಾನೆ. ದೇವದಾನವರ ಕಥೆ ರಾಮ್ಜಾನ ಪಾಲಿಗೆ ಬಂದದ್ದರಿಂದ ಡೆಲಿಟಾನ ಪಾಲಿನ ರಾಜಕೀಯ ಕೊನೆಯ ದೃಶ್ಯದವರೆಗೂ ಉಸಿರಾಡುತ್ತದೆ, ಪಟ್ಟವೇರಿದವನು ತೆತ್ತ ಬೆಲೆಯೂ ಕಾಣುತ್ತದೆ. ಕ್ಲೈವ್ ಒಬ್ಬನೇ ರಾಮ್ಜಾನೂ ಡೆಲಿಟಾನೂ ಆಗಬೇಕಾಗಿ ಬಂದದ್ದು ಹದಿನಾರನೆಯ ಆಟದ ಮೂಲ ದೋಷವೆಂದು ನನಗನಿಸುತ್ತದೆ. ದೇವರನ್ನು ಎದುರಿಸುವವನೂ ಅವನೇ, ನಾಡು ಕಟ್ಟಬೇಕಾದವನೂ ಅವನೇ. ಎರಡರಲ್ಲಿ ಒಂದನ್ನು ಆಯಬೇಕಾದಾಗ ಆಕ್ಷನ್ ಆಟ ಯಾವುದನ್ನು ಆಯುತ್ತದೆಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಹೆಗಲು ಇರಲಿಲ್ಲವೇ? ಇತ್ತು. ಸ್ಯಾನ್‌ಬ್ರೆಕ್ಕಿನ ಯುವರಾಜ ಡಿಯೊನ್ ಲೆಸಾಜ್. ತಂದೆಯ ಆಕ್ರಮಣ ತಪ್ಪೆಂದು ಗೊತ್ತಿದ್ದೂ ಸೈನಿಕನ ನಿಷ್ಠೆಯಿಂದ ಕಾದಿದವನು. ಕಡೆಗೆ ತನ್ನ ದಳದೊಂದಿಗೆ ಸಾಮ್ರಾಜ್ಯದ ವಿರುದ್ಧವೇ ದಂಗೆಯೆದ್ದವನು. ಒಲಿವಿಯೆಯ ಮೇಲೆ ಎಸೆದ ಭರ್ಜಿ ಅಡ್ಡ ಬಂದ ತಂದೆಗೆ ನಾಟಿದಾಗ ಬುದ್ಧಿ ಕಳೆದುಕೊಂಡು, ತನ್ನೊಳಗಿನ ಐಕಾನ್ ಆದ ಬಹಾಮುಟ್‌ನ ರೂಪದಲ್ಲಿ ತನ್ನದೇ ರಾಜಧಾನಿಯನ್ನು ಸುಟ್ಟವನು. ದಂಗೆಕೋರ, ಪಿತೃಹಂತಕ, ತನ್ನ ಜನರನ್ನೇ ಕೊಂದವನು, ಅದೇ ಹೊತ್ತಿಗೆ ಉಳಿದಿರುವ ಏಕೈಕ ಉತ್ತರಾಧಿಕಾರಿ: ಇಂಥವನು ಮರಳಿ ಹೋಗಿ ಆ ಜನರ ಮುಂದೆ ನಿಂತು ಆಳಬೇಕಾದ ಕಥೆಗಿಂತ ದೊಡ್ಡ ರಾಜಕೀಯ ಕಥೆ ಇನ್ನಾವುದಿದೆ? ಅವನ ಒಲವಿನ ಒಡನಾಡಿ ಟೆರೆನ್ಸ್ ಜೊತೆಗೇ ಇದ್ದಾನೆ, ಸಾಮ್ರಾಜ್ಯದ ಸೈನಿಕರು ಇನ್ನೂ ಅವನ ಮಾತು ಕೇಳುತ್ತಾರೆ. ಆದರೆ ಡಿಯೊನ್ ಪ್ರಾಯಶ್ಚಿತ್ತವನ್ನು ಹುಡುಕುವುದು ಸಾವಿನಲ್ಲಿ. ತನ್ನ ಪ್ರಾಣ ಉಳಿಸಿದ ಕೀಹೆಲ್ ಎಂಬ ಹುಡುಗಿಯನ್ನು ಕಾಯುವ ಕೆಲಸ ಒಪ್ಪಿಸಿ ಟೆರೆನ್ಸ್‌ನನ್ನು ದೂರ ಕಳಿಸುವ ದೃಶ್ಯ ಮನ ಕಲಕುವಂಥದ್ದು. ನಟನೆ, ಬೆಳಕು, ಮೌನ ಎಲ್ಲವೂ ಅಲ್ಲಿ ಹದವಾಗಿವೆ. ಕಥೆ ಒಬ್ಬ ಅರಸನನ್ನು ಕೈಬಿಟ್ಟದ್ದೂ ಅದೇ ದೃಶ್ಯದಲ್ಲಿ. ಮುಂದೆ ಅವನು ಆಕಾಶದಲ್ಲಿ ವೀರನಾಗಿ ಮಡಿಯುತ್ತಾನೆ, ಸ್ಯಾನ್‌ಬ್ರೆಕ್ಕಿನ ನಿರಾಶ್ರಿತರಿಗೆ ಯಾರು ದಿಕ್ಕೆಂಬುದನ್ನು ಯಾರೂ ಕೇಳುವುದಿಲ್ಲ.

ಬಿಡುಗಡೆಯ ನಂತರ ಈ ಕೊರತೆಯನ್ನು ತುಂಬಲು ಎರಡು ಅವಕಾಶಗಳು ಒದಗಿದವು. 2023ರ ಡಿಸೆಂಬರ್‌ನಲ್ಲಿ ‘ಎಕೋಸ್ ಆಫ್ ದ ಫಾಲನ್’, 2024ರ ಏಪ್ರಿಲ್‌ನಲ್ಲಿ ‘ದ ರೈಸಿಂಗ್ ಟೈಡ್’ ಎಂಬ ಹೆಚ್ಚುವರಿ ಭಾಗಗಳು ಬಂದವು. ಎರಡನೆಯದರಲ್ಲಿ ಹೊರಲೋಕದಿಂದ ಬಚ್ಚಿಟ್ಟುಕೊಂಡ ಮಿಸಿಡಿಯಾ ಎಂಬ ಪುಟ್ಟ ಸಮುದಾಯವಿದೆ. ಒಂದು ಕೂಸಿನ ಮೇಲೆ ಹಿರಿಯರು ಹೇರಿದ ಅನ್ಯಾಯವನ್ನು ಆ ಸಮುದಾಯ ಹೇಗೆ ಎದುರುಗೊಳ್ಳುತ್ತದೆಂಬುದನ್ನು ತಾಳ್ಮೆಯಿಂದ ಹೇಳಲಾಗಿದೆ. ಸಣ್ಣ ಊರು, ಹೆಸರಿರುವ ಜನ, ಅವರದೇ ಭಿನ್ನಾಭಿಪ್ರಾಯಗಳು ಇರುವುದರಿಂದ ಮುಖ್ಯ ಆಟದ ಉತ್ತರಾರ್ಧಕ್ಕಿಂತ ಅದು ಎಷ್ಟೋ ಪಾಲು ಜೀವಂತವಾಗಿದೆ. ಆದರೆ ಎರಡೂ ಭಾಗಗಳನ್ನು ಕಥೆಯಲ್ಲಿ ಸೇರಿಸಿರುವುದು ಅಂತಿಮ ಕಾಳಗಕ್ಕೆ ಹೊರಡುವ ಮುನ್ನ. ಮಾಯಾಶಕ್ತಿ ಅಳಿದ ಮರುದಿನ ಡೋರಿಸ್ ತನ್ನ ದಳಕ್ಕೆ ಏನು ಹೇಳಿದಳು, ಡಾಲಿಮಿಲ್‌ನಲ್ಲಿ ಲುಬೋರ್ ಅಂಗಡಿ ತೆರೆದನೇ, ಚಕ್ರವರ್ತಿಯಿಲ್ಲದ ಸಾಮ್ರಾಜ್ಯದಲ್ಲಿ ಆ ವರ್ಷದ ಬೆಳೆಗೆ ತೆರಿಗೆ ಯಾರು ಎತ್ತಿದರು ಎಂಬುದಕ್ಕೆ ಆ ಎರಡರಲ್ಲೂ ಒಂದು ಸಾಲಿನ ಉತ್ತರವಿಲ್ಲ.